18ಕ್ಕೇ ಲೈಸೆನ್ಸ್ ಸರಿ, ಮೊದಲು ಮೆಡಿಕಲ್ ಮಾಡಿಸಿ

18ಕ್ಕೇ ಪೈಲಟ್ ಆಗಬಹುದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ತಪ್ಪಿಲ್ಲ. 16ಕ್ಕೆ ಸ್ಟೂಡೆಂಟ್ ಲೈಸೆನ್ಸ್, 18ಕ್ಕೆ ಕಮರ್ಷಿಯಲ್ ಲೈಸೆನ್ಸ್ ಸಿಗುತ್ತದೆ. ಆದರೆ ಅದರಿಂದ ಏರ್‌ಲೈನ್‌ನಲ್ಲಿ ಸಿಗುವುದು ಕೋ-ಪೈಲಟ್ ಸೀಟು. ಕ್ಯಾಪ್ಟನ್ ಆಗಲು ಎಟಿಪಿಎಲ್ ಅನ್ನೋ ಇನ್ನೂ ಮೇಲಿನ ಲೈಸೆನ್ಸ್ ಬೇಕು, ಅದಕ್ಕೆ 21 ವರ್ಷ ತುಂಬಿರಬೇಕು, 1500 ಗಂಟೆ ಹಾರಿರಬೇಕು. ಇದನ್ನೂ ಹೇಳಬೇಕಿತ್ತು ಅಲ್ವಾ?

ನಮ್ಮ ಬಳ್ಳಾರಿ ಕಡೆ ಪಿಯುಸಿ ಸೈನ್ಸ್ ಅಂದರೆ ನೀಟ್, ಇಲ್ಲ ಸಿಇಟಿ, ಅಷ್ಟೇ. ತೋರಣಗಲ್ಲಿನಲ್ಲಿ ಏರ್‌ಪೋರ್ಟ್ ಇದ್ದರೂ ಪೈಲಟ್ ಸೀಟಿನಲ್ಲಿ ಕೂರುವವರು ಯಾರೋ ಬೇರೆ ಲೋಕದವರು ಅನ್ನೋ ಭಾವನೆ. ಆದರೆ ಪೈಲಟ್ ಆಗಲು ಫಿಸಿಕ್ಸ್, ಮ್ಯಾಥ್ಸ್ ಓದಿ ಪಿಯುಸಿ ಪಾಸಾಗಿದ್ದರೆ ಸಾಕು, ಇಂಜಿನಿಯರಿಂಗ್ ಬೇಕಿಲ್ಲ. ಕಾಮರ್ಸ್ ಓದಿದವರೂ ಆ ಎರಡು ವಿಷಯಗಳನ್ನು ಕೇಂದ್ರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನಲ್ಲಿ ಕಟ್ಟಿ ಪಾಸ್ ಮಾಡಿಕೊಳ್ಳಬಹುದು.

ನನ್ನ ಅಕ್ಕನ ಮಗನಿಗೂ ಇದೇ ಹುಚ್ಚು. ಮನೆಯಲ್ಲಿ ಹೊಲದ ಮೇಲೆ ಸಾಲ ತೆಗೆಯೋ ಮಾತು ಶುರುವಾಗಿತ್ತು, ನಾನು ಸುಮ್ನಿರಿ ಎಂದೆ. ಒಂದು ರೂಪಾಯಿ ಫೀಸು ಕಟ್ಟುವ ಮೊದಲು ವಿಮಾನಯಾನ ನಿಯಂತ್ರಿಸುವ ಡಿಜಿಸಿಎಯ ಕ್ಲಾಸ್ 2, ಆಮೇಲೆ ಕ್ಲಾಸ್ 1 ಮೆಡಿಕಲ್ ಅಂದರೆ ಆರೋಗ್ಯ ಪರೀಕ್ಷೆ ಮುಗಿಸಬೇಕು. ಕನ್ನಡಕ ಇದ್ದರೆ ಹೆದರಬೇಕಿಲ್ಲ, ಬಣ್ಣ ಗುರುತಿಸೋದು ಕಷ್ಟವಾದರೆ ಮಾತ್ರ ತೊಂದರೆ ಜಾಸ್ತಿ.

ಟ್ರೇನಿಂಗ್‌ನಲ್ಲಿ 200 ಗಂಟೆ ಹಾರಾಟ ಇರುತ್ತದೆ, ಖರ್ಚು ಸುಲಭವಾಗಿ ಅರ್ಧ ಕೋಟಿ ಮುಟ್ಟುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆ ಇದೆ, ಉತ್ತರಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಎಂಟ್ರೆನ್ಸ್ ಬರೆದು ಸೇರುವ ಕೇಂದ್ರ ಸರ್ಕಾರದ ಅಕಾಡೆಮಿಯೂ ಇದೆ. ಏಜೆಂಟರ ಮಾತು ಕೇಳೋ ಮೊದಲು ಅಲ್ಲಿ ವಿಚಾರಿಸಿ. ಲೈಸೆನ್ಸ್ ಆದ ಮೇಲೆ ಏರ್‌ಬಸ್ಸೋ ಬೋಯಿಂಗೋ ಟೈಪ್ ರೇಟಿಂಗ್ (ಆಯಾ ಮಾದರಿಯ ವಿಮಾನ ಹಾರಿಸುವ ತರಬೇತಿ) ಖರ್ಚು ಬೇರೆ ಇರುತ್ತದೆ, ಮುಂದಿನ ಲೇಖನದಲ್ಲಿ ಅದನ್ನೂ ಬರೆಯಿರಿ.