ರಾಶಿ ಅಡಿಕೆ ಬಣ್ಣದ ಮನೆ

ಮನೆಗೆ ಹೊರಗಿನ ಬಣ್ಣ ಹೊಡೆಸೋಣ ಎಂದು ತೀರ್ಮಾನವಾದ ದಿನ ಅತ್ತೆ ಅಡುಗೆಮನೆಯಲ್ಲಿ ಹಲಸಿನಕಾಯಿ ಹೆಚ್ಚುತ್ತಿದ್ದರು. "ಕಂದು ಮಾಡ್ಸೋಣ ಅಂತಿದೀವಿ ಅತ್ತೆ" ಎಂದೆ. ಅವರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ಕಂದು ಹಾಕೋಕೆ ಇಲ್ಲಿ ಜಾಗ ಎಲ್ಲಿದೆ? ಹಿತ್ತಲಲ್ಲಿ ಬಟ್ಟೆ ಒಣಗಿಸೋಕೇ ಸಾಲಲ್ಲ."

ತಪ್ಪು ನನ್ನದೇ. ನಮ್ಮ ತೀರ್ಥಹಳ್ಳಿ ಕಡೆ ಕಂದು ಎಂದರೆ ಬಾಳೆಯ ಬುಡದಲ್ಲಿ ಏಳುವ ಮರಿಗಿಡ. ಬಣ್ಣದ ಕಂದು ಶಾಲೆಯ ಪುಸ್ತಕದಲ್ಲಿ ಮಾತ್ರ ಇತ್ತು. ಸಾಲದ್ದಕ್ಕೆ, ಬಿಸಿಲಲ್ಲಿ ಆಡಿ ಬಂದ ಮಗುವಿನ ಮುಖ ಕಂದುತ್ತದೆ, ನೀರಿಲ್ಲದ ಹೂವು ಕಂದುತ್ತದೆ. ಲಕ್ಷಗಟ್ಟಲೆ ಖರ್ಚು ಮಾಡಿ ಮನೆಯನ್ನು ಕಂದಿಸುತ್ತೇವೆ ಎಂದು ಯಾರು ತಾನೇ ಹೇಳಿಕೊಳ್ಳುತ್ತಾರೆ? ಅದಕ್ಕೇ ಎಲ್ಲರೂ ಬ್ರೌನು ಎನ್ನುತ್ತಾರೆ. ನಾನೂ ಅತ್ತೆಯ ಹತ್ತಿರ ಬ್ರೌನು ಎಂದೆ. ಅವರಿಗೆ ತಕ್ಷಣ ಅರ್ಥವಾಯಿತು.

ನಮ್ಮದು ಶಿವಮೊಗ್ಗದ ಒಂದು ಬಡಾವಣೆಯಲ್ಲಿ ಮೂವತ್ತು ನಲವತ್ತರ ಸೈಟು. ಅದರ ಮೇಲೆ ಎರಡಂತಸ್ತಿನ ಮನೆ. ಈ ಅಂತಸ್ತಿನ ಲೆಕ್ಕದಲ್ಲೂ ಒಮ್ಮತವಿಲ್ಲ. ಅತ್ತೆ 'ಒಂದು ಮಹಡಿ ಮನೆ' ಎನ್ನುತ್ತಾರೆ, ಎಂಜಿನಿಯರ್ 'ಜಿ ಪ್ಲಸ್ ಒನ್' ಎಂದಿದ್ದರು, ನಮ್ಮ ಯಜಮಾನರು ನೆಂಟರ ಮುಂದೆ 'ಡ್ಯೂಪ್ಲೆಕ್ಸ್' ಎನ್ನುತ್ತಾರೆ. ಏನಾದರೂ ಅನ್ನಲಿ, ಮುಂಭಾಗ 30 ಅಡಿಯೂ ಇಲ್ಲ. ಎತ್ತರ ಪ್ಯಾರಾಪೆಟ್ ಸೇರಿ 24 ಅಡಿ. ಅಂದರೆ ಹೆಚ್ಚುಕಮ್ಮಿ ಒಂದು ಚೌಕ. ಒಂದಂತಸ್ತಿನ ಮನೆ ನೆಲಕ್ಕೆ ಒರಗಿ ಮಲಗಿರುತ್ತದೆ, ಅದಕ್ಕೆ ಯಾವ ಬಣ್ಣ ಹಚ್ಚಿದರೂ ನಡೆಯುತ್ತದೆ. ಎರಡಂತಸ್ತಿನದು ಎದ್ದು ನಿಂತಿರುತ್ತದೆ. ಅದಕ್ಕೆ ಕೆಳಗಿನಿಂದ ಮೇಲಿನವರೆಗೆ ಒಂದೇ ಬ್ರೌನು ಬಳಿದರೆ ರಟ್ಟಿನ ಪೆಟ್ಟಿಗೆಯನ್ನು ಯಾರೋ ರಸ್ತೆ ಬದಿಗೆ ಇಟ್ಟು ಹೋದ ಹಾಗೆ ಕಾಣುತ್ತದೆ. ಇದು ನಮ್ಮ ಪೇಂಟರ್ ಮೊದಲ ದಿನವೇ ಕೊಟ್ಟ ಎಚ್ಚರಿಕೆ.

ಅವರು ಶೇಡ್ ಕಾರ್ಡ್ ತಂದರು. ಶೇಡ್ ಕಾರ್ಡ್ ಒಂಥರಾ ಪಂಚಾಂಗ ಇದ್ದಹಾಗೆ. ಮನೆಮಂದಿಯೆಲ್ಲ ಸುತ್ತ ಕೂತು ತಲೆ ಆಡಿಸುತ್ತಾರೆ, ಓದಲು ಬರುವುದು ಒಬ್ಬರಿಗೆ ಮಾತ್ರ. ಒಂದೊಂದು ಬ್ರೌನಿಗೂ ಇಂಗ್ಲಿಷಿನಲ್ಲಿ ಒಂದೊಂದು ಹೆಸರು, ಓದಿದರೆ ದೊಡ್ಡ ಹೋಟೆಲಿನ ಮೆನು ಹಿಡಿದಂತೆ. ಪೇಂಟರ್ ಅದನ್ನೆಲ್ಲ ಬೆರಳಲ್ಲಿ ತೋರಿಸುತ್ತಾ ಕನ್ನಡಕ್ಕೆ ಇಳಿಸಿದರು. "ಇದು ಬೆಲ್ಲ. ಇದು ಜೋನಿಬೆಲ್ಲ. ಇದು ಹುಣಸೆಹಣ್ಣು, ಹಳೇದು. ಇದು ಕಾಫಿಪುಡಿ. ಇದು ಬಿಸ್ಕೆಟ್, ಎಲ್ರೂ ಹೊಡ್ಸೋದು ಇದ್ನೇ ಮೇಡಂ." ಎಲ್ಲರೂ ಹೊಡೆಸುತ್ತಾರೆ ಎಂದ ಮೇಲೆ ಬಿಸ್ಕೆಟ್ ಅಲ್ಲಿಗೇ ಬಿತ್ತು.

ಕಾರ್ಡಿನಲ್ಲಿ ಆರಿಸುವುದು ಸುಲಭ. ಆದರೆ ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಗಂಭೀರವಾಗಿ ಕೂತಿದ್ದ ಬ್ರೌನು, ಹೊರಗಿನ ಬಿಸಿಲಲ್ಲಿ ಗೋಡೆ ತುಂಬ ಹರಡಿದಾಗ ತಿಳಿಯಾಗಿಬಿಡುತ್ತದೆ. ಬೆಳಿಗ್ಗೆ ಒಂದು ಥರ, ನಡು ಮಧ್ಯಾಹ್ನ ಇನ್ನೊಂದು ಥರ, ಸಂಜೆ ಬಿಸಿಲಿಗೆ ಕಿತ್ತಳೆ. ಅದಕ್ಕಾಗಿ ಮುಂದಿನ ಗೋಡೆಯ ಮೇಲೆ ಎರಡಡಿ ಚೌಕದ ನಾಲ್ಕು ಪ್ಯಾಚ್ ಹೊಡೆದು, "ಎರಡು ದಿನ ನೋಡಿ ಹೇಳಿ" ಎಂದು ಪೇಂಟರ್ ಹೋದರು. ನಾವು ಎರಡು ತಿಂಗಳು ನೋಡಿದೆವು. ಗ್ಯಾಸ್ ಸಿಲಿಂಡರ್ ತರುವ ಹುಡುಗ ಫೋನ್ ಮಾಡಿ "ನಾಲ್ಕು ಪ್ಯಾಚ್ ಮನೆ ಅಲ್ವಾ?" ಎಂದು ಕೇಳುವಷ್ಟರ ಮಟ್ಟಿಗೆ ಅದು ನಮ್ಮ ವಿಳಾಸವಾಯಿತು.

ಈ ಎರಡು ತಿಂಗಳಲ್ಲಿ ನನಗೆ ಹೊಳೆದದ್ದು ಇಷ್ಟು. ಮನೆಯ ಹೊರಬಣ್ಣ ಮನೆಯವರಿಗೆ ಕಾಣುವುದೇ ಇಲ್ಲ. ಬೆಳಿಗ್ಗೆ ಎದ್ದು ಗೇಟಿನವರೆಗೆ ಹಾಲಿಗೆ ಹೋಗುತ್ತೇವೆ, ಮುಖ ರಸ್ತೆ ಕಡೆ. ವಾಪಸ್ ಬರುವಾಗ ಕಣ್ಣು ಚಪ್ಪಲಿಯ ಮೇಲೆ. ಒಳಗೆ ಕೂತವರಿಗೆ ಕಾಣುವುದು ಎದುರು ಮನೆಯ ಗೋಡೆ. ನಮ್ಮ ಗೋಡೆ ಕಾಣುವುದು ಎದುರು ಮನೆಯವರಿಗೆ. ದುಡ್ಡು ನಮ್ಮದು, ನೋಟ ಅವರದು.

ನಮ್ಮ ಎದುರು ಮನೆಯಲ್ಲಿ ನೋಡುವ ಕೆಲಸ ಪೂರ್ತಿ ಅಜ್ಜಿಯದು. ಹೊಸನಗರದ ಕಡೆಯವರು. ಅಡಿಕೆ ತೋಟದಲ್ಲೇ ಜೀವ ಸವೆಸಿ, ಈಗ ಮಗನ ಮನೆಗೆ ಬಂದಿದ್ದಾರೆ. ಜಗುಲಿಯ ಕುರ್ಚಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಕೂತರೆ ಊಟಕ್ಕೆ, ನಿದ್ದೆಗೆ ಮಾತ್ರ ಒಳಗೆ. ಒಂದು ದಿನ ನನ್ನನ್ನು ಕೈಸನ್ನೆ ಮಾಡಿ ಕರೆದರು. "ಎಂಥ ಮಾರಾಯ್ತಿ, ಗೋಡೆ ಮೇಲೆ ಅಡಿಕೆ ಸ್ಯಾಂಪಲ್ ಇಟ್ಟೀಯಲ್ಲ?"

ನನಗೆ ಮೊದಲು ಅರ್ಥವಾಗಲಿಲ್ಲ. ಅಜ್ಜಿ ಎಡಗಡೆಯಿಂದ ಶುರು ಮಾಡಿದರು. "ಅದು ಗೊರಬಲು. ಅದರ ಪಕ್ಕದ್ದು ಬೆಟ್ಟೆ, ಆದ್ರೆ ಸರಿಯಾಗಿ ಒಣಗಿಲ್ಲ. ಮೂರನೇದು ರಾಶಿ. ಕೊನೇದು ಎಂಥದ್ದೂ ಅಲ್ಲ, ಚೊಗರು ಜಾಸ್ತಿ ಆಗಿ ಕರ್ರಗಾಗಿದೆ. ಅದನ್ನ ಮಂಡಿಗೆ ತಗೊಂಡು ಹೋದ್ರೆ ವಾಪಸ್ ಕಳಿಸ್ತಾರೆ."

ಅಡಿಕೆ ಬೆಳೆಯದ ಊರಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕೆಂಪಡಿಕೆ ಎನ್ನುವುದು ಹುಟ್ಟಿನಿಂದ ಕೆಂಪಲ್ಲ. ಹಸಿರಿರುವಾಗಲೇ ಗೊನೆ ಇಳಿಸಿ, ಸುಲಿದು, ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಆ ನೀರಿಗೆ ಚೊಗರು ಬೆರೆಸುತ್ತಾರೆ. ಚೊಗರು ಎಂದರೆ ಹಿಂದಿನ ಸಲ ಅಡಿಕೆ ಬೆಂದ ನೀರೇ ಕುದ್ದು ಗಟ್ಟಿಯಾದದ್ದು. ಬೆಂದ ಅಡಿಕೆಯನ್ನು ಬಿಸಿಲಿಗೆ ಹರವಿದರೆ ದಿನದಿಂದ ದಿನಕ್ಕೆ ಬಣ್ಣ ಏರುತ್ತದೆ. ಚೊಗರು ಕಮ್ಮಿಯಾದರೆ ಬಿಳಿಚಿಕೊಳ್ಳುತ್ತದೆ, ಜಾಸ್ತಿಯಾದರೆ ಕಪ್ಪು. ಮೋಡ ಮುಚ್ಚಿದರೆ ಎಲ್ಲ ಹಾಳು. ನಮ್ಮಲ್ಲಿ ಸುಗ್ಗಿಯ ಹೊತ್ತಿಗೆ ಇಬ್ಬರು ಎದುರಾದರೆ ಆರೋಗ್ಯ ಕೇಳುವ ಮೊದಲು "ಬಣ್ಣ ಬಂತಾ?" ಎಂದು ಕೇಳುತ್ತಾರೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಶಿವಮೊಗ್ಗದ ಮಾರುಕಟ್ಟೆಯಲ್ಲಿ ಬೇರೆಬೇರೆ ದರ. ಸರಕು ಎಲ್ಲಕ್ಕಿಂತ ಮೇಲೆ, ಗೊರಬಲು ಕೆಳಗೆ. ಕ್ವಿಂಟಾಲಿಗೆ ಇಷ್ಟೆಂದು ಪತ್ರಿಕೆಯಲ್ಲಿ ಬರುತ್ತದೆ. ಬ್ರೌನಿನಲ್ಲಿ ಮೇಲು ಕೀಳು ಗುರುತಿಸುವ ಕಣ್ಣು ಬೇಕಾದರೆ ಪೇಂಟ್ ಅಂಗಡಿಗಲ್ಲ, ಅಡಿಕೆ ಮಂಡಿಗೆ ಹೋಗಬೇಕು. ಆ ಕಣ್ಣು ನಮ್ಮ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿತ್ತು. ನಾವು ಕಾರ್ಡ್ ತಿರುಗಿಸುತ್ತಿದ್ದೆವು.

ಮೂರನೇ ಪ್ಯಾಚ್ ಎಂದು ಪೇಂಟರಿಗೆ ಹೇಳಿದೆ. ಅವರು ಕಾರ್ಡಿನ ಹಿಂದೆ ನಂಬರ್ ಬರೆದುಕೊಂಡರು. ನಾನು ಪಕ್ಕದಲ್ಲಿ 'ರಾಶಿ' ಎಂದು ಬರೆದೆ.

ಬಣ್ಣ ಸಿಕ್ಕರೆ ಸಾಲದು, ಎಲ್ಲಿ ಎಷ್ಟು ಎನ್ನುವುದು ಅದಕ್ಕಿಂತ ದೊಡ್ಡ ತಲೆನೋವು. ಯಜಮಾನರಿಗೆ ಇಡೀ ಮನೆ ಬ್ರೌನ್ ಆಗಬೇಕಿತ್ತು. ಬೇಡ ಎನ್ನಲು ನನ್ನ ಹತ್ತಿರ ಒಂದು ಕಾರಣವಿತ್ತು, ಸೆಕೆ. ಗಾಢ ಬಣ್ಣ ಬಿಸಿಲನ್ನು ಹೀರುತ್ತದೆ, ತಿಳಿ ಬಣ್ಣ ವಾಪಸ್ ಕಳಿಸುತ್ತದೆ. ಕಪ್ಪು ಕೊಡೆಗೂ ಬಿಳಿ ಪಂಚೆಗೂ ಇರುವ ವ್ಯತ್ಯಾಸವೇ ಇಲ್ಲೂ. ನಮ್ಮ ಮಲಗುವ ಕೋಣೆಯ ಗೋಡೆ ಪಡುವಣಕ್ಕಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನವೆಲ್ಲ ಅದು ಬಿಸಿಲು ಕುಡಿದು, ರಾತ್ರಿ ನಾವು ಮಲಗಿದಾಗ ನಿಧಾನಕ್ಕೆ ಉಸಿರು ಬಿಡುತ್ತದೆ. ಅದಕ್ಕೂ ಬ್ರೌನು ಬಳಿದು ರಾತ್ರಿಯಿಡೀ ಫ್ಯಾನಿಗೆ ಬೈಯುವುದು ಬೇಡ ಎಂದೆ. ಕಲಬುರಗಿ, ರಾಯಚೂರಿನ ಕಡೆಯಾಗಿದ್ದರೆ ಈ ಮಾತು ಇನ್ನೂ ಗಟ್ಟಿ. ಅಲ್ಲಿ ನಾನಾದರೆ ಬ್ರೌನನ್ನು ಬಾಗಿಲು, ಕಿಟಕಿಗೆ ಬಿಟ್ಟು ಗೋಡೆಗೆ ಸುಣ್ಣದ ಬಿಳಿಯನ್ನೇ ಹಚ್ಚುತ್ತಿದ್ದೆ.

ಕೊನೆಗೆ ಆದ ಒಪ್ಪಂದ ಹೀಗೆ. ಪಡುವಣ, ದಕ್ಷಿಣದ ಗೋಡೆಗಳು ಮಜ್ಜಿಗೆ ಬಿಳಿ. ಮುಂದಿನ ಗೋಡೆಯಲ್ಲಿ ಕೆಳಗಿನ ಅಂತಸ್ತು ರಾಶಿ, ಮೇಲಿನದು ಮಜ್ಜಿಗೆ. ಭಾರವಾದ ಬಣ್ಣ ಕೆಳಗಿದ್ದರೆ ಮನೆ ಕಾಲೂರಿ ನಿಂತ ಹಾಗೆ ಇರುತ್ತದೆ, ಮೇಲಿದ್ದರೆ ತಲೆಹೊರೆ ಹೊತ್ತವರಂತೆ. ಆದರೆ ಹೀಗೆ ಅಡ್ಡ ಗೆರೆ ಹಾಕಿ ಬಿಟ್ಟರೆ ಮನೆ ನಡುವೆ ಎರಡು ತುಂಡಾಗುತ್ತದೆ ಎಂದರು ಪೇಂಟರ್. ಅದಕ್ಕೆ ಮೆಟ್ಟಿಲಿನ ಗೋಡೆಯೊಂದನ್ನು ಕೆಳಗಿನಿಂದ ಪ್ಯಾರಾಪೆಟ್‌ವರೆಗೆ ಬ್ರೌನಿನಲ್ಲೇ ಏರಿಸಿದೆವು. ಕೆಳಗಿನದು ಮೇಲಿನದಕ್ಕೆ ಕೈ ಕೊಟ್ಟ ಹಾಗಾಯಿತು. ಬಾಲ್ಕನಿಯಲ್ಲಿ ಒಳಗೆ ಸರಿದ ಗೋಡೆಗೂ ಸ್ವಲ್ಪ ಬ್ರೌನು. ನೆರಳಿರುವ ಕಡೆ ಗಾಢ ಬಣ್ಣ ಹಚ್ಚಿದರೆ ನೆರಳು ಇನ್ನೂ ಆಳವಾಗುತ್ತದೆ, ಮುಂದೆ ಚಾಚಿದ ಭಾಗ ಎದ್ದು ಬರುತ್ತದೆ. ಕಿಟಕಿ ಸುತ್ತ ಮೂರು ಬೆರಳಗಲ ಬಿಳಿ ಪಟ್ಟಿ. ಇದು ಅತ್ತೆಯ ಹಟ. ಕಣ್ಣಿಗೆ ಕಾಡಿಗೆ ಹಚ್ಚುತ್ತಾರಲ್ಲ, ಇಲ್ಲಿ ಮುಖ ಕಪ್ಪಗಿರುವುದರಿಂದ ಕಾಡಿಗೆ ಬೆಳ್ಳಗೆ ಎಂದು ಅವರ ವಿವರಣೆ. ಮಳೆನೀರಿನ ಪೈಪುಗಳನ್ನು ಗೋಡೆಯ ಬಣ್ಣದಲ್ಲೇ ಮುಳುಗಿಸಿದೆವು. ನಮ್ಮ ಬೀದಿಯ ಅರ್ಧ ಮನೆಗಳ ಅಂದವನ್ನು ಹಾಳು ಮಾಡಿರುವುದು ಎದೆಯ ಮೇಲೆ ಇಳಿಬಿಟ್ಟ ಬೂದು ಪೈಪು ಎಂಬುದು ನನ್ನ ಬಲವಾದ ನಂಬಿಕೆ.

ಮುಂಭಾಗಕ್ಕೆ ಮರದ ಥರ ಕಾಣುವ ಟೈಲ್ಸ್ ಅಂಟಿಸಿ ಎಂದು ಒಬ್ಬರು ಹೇಳಿದರು. ಮಲೆನಾಡಿನಲ್ಲಿ ಕೂತು ಮರದ ಚಿತ್ರ ಗೋಡೆಗೆ ಅಂಟಿಸುವುದು ನನಗೇಕೋ ಸರಿ ಬರಲಿಲ್ಲ.

ಸುಮ್ನೆ ನೆನಪಾಯಿತು. ಎರಡಂತಸ್ತಿನ ಬ್ರೌನ್ ಕಟ್ಟಡ ನಮ್ಮೂರಿಗೆ ಹೊಸದೇನಲ್ಲ. ಕೋಟೆ ರಸ್ತೆಯಲ್ಲಿ ಶಿವಪ್ಪ ನಾಯಕನ ಅರಮನೆ ಇದೆ. ಹೆಸರು ಹದಿನೇಳನೇ ಶತಮಾನದ ನಾಯಕನದು, ಈಗಿರುವ ಕಟ್ಟಡ ಹೈದರಾಲಿಯ ಕಾಲದ್ದು ಎನ್ನುತ್ತಾರೆ. ಈಗ ಅದು ವಸ್ತು ಸಂಗ್ರಹಾಲಯ. ದಪ್ಪ ಮರದ ಕಂಬಗಳು, ಮೇಲೆ ಬಾಲ್ಕನಿ. ಬಣ್ಣ ಯಾವುದು ಎಂದು ಯಾರೂ ಕಾರ್ಡ್ ನೋಡಿ ಆರಿಸಿದ್ದಲ್ಲ, ಮರ ಯಾವುದೋ ಬಣ್ಣವೂ ಅದೇ. ಹಳ್ಳಿ ಮನೆಗಳೂ ಹಾಗೇ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಹಸೆ ಚಿತ್ತಾರ. ಮಾಡಿಗೆ ಮಂಗಳೂರು ಹಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನಿಧಾನಕ್ಕೆ ಘಟ್ಟ ಹತ್ತಿ ಬಂದದ್ದು. ಮಳೆಗಾಲ ಬಂತೆಂದರೆ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಸೋಗೆ ಒಣಗಿ ಬ್ರೌನು. ನಾಲ್ಕು ತಿಂಗಳು ಮನೆ ಕಂಬಳಿ ಹೊದ್ದು ಕೂತ ಹಾಗೆ. ನನ್ನ ತಮ್ಮ ಬೆಂಗಳೂರಿನಲ್ಲಿ ಕಟ್ಟಿಸಿದ ಮನೆಗೆ ಬಣ್ಣವೇ ಇಲ್ಲ. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಬಹಳ ವರ್ಷ ಇದರ ಮೇಲೆ ಕೆಲಸ ಮಾಡಿದರು. ಅವನಿಗೆ ಪೇಂಟರ್ ಬೇಕಿಲ್ಲ, ಪ್ಯಾಚ್ ಬೇಕಿಲ್ಲ. ಎದುರು ಮನೆ ಅಜ್ಜಿಯೂ ಇಲ್ಲ, ಪಾಪ.

ಬೇಸಿಗೆಗೆ ಮೊದಲೇ ನಮ್ಮ ಕೆಲಸ ಮುಗಿಯಿತು. ಹೊಳಪಿನ ಪೇಂಟ್ ಹಚ್ಚಿದರೆ ಗಾರೆಯ ಉಬ್ಬು ತಗ್ಗೆಲ್ಲ ಎಣಿಸಬಹುದು ಎಂದು ಹೊಳಪಿಲ್ಲದ್ದನ್ನೇ ಹಚ್ಚಿಸಿದ್ದೆವು. ಗೇಟಿನ ಪಕ್ಕದ ದಾಸವಾಳ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕಣ್ಣಿಗೆ ಬಿತ್ತು. ಅಷ್ಟು ದಿನ ಹಳದಿ ಗೋಡೆಯ ಮುಂದೆ ಅದರ ಹಸಿರು ಕಳೆದುಹೋಗಿತ್ತು. ಬಾಲ್ಕನಿಯ ಬಿಳಿ ಬಲ್ಬು ಹಾಕಿದ ರಾತ್ರಿ ಮನೆ ಆಸ್ಪತ್ರೆಯ ಕಾರಿಡಾರಿನ ಥರ ಕಂಡಿತು. ಮರುದಿನವೇ ಹಳದಿ ಬಲ್ಬು ತಂದೆವು.

ಬ್ರೌನಿನ ಗುಟ್ಟು ಬಯಲಾದದ್ದು ಮಳೆಗಾಲದಲ್ಲಿ. ಕೆಂಪು ಮಣ್ಣು ಎರಚಿ ಎದುರು ಮನೆಯ ಗೋಡೆ ಮೊಣಕಾಲುದ್ದ ಕೊಳೆಯಾಯಿತು, ನಮ್ಮದರಲ್ಲಿ ಗೊತ್ತೇ ಆಗಲಿಲ್ಲ. ಪಾಚಿಯೂ ಬೇಗ ಕಾಣಲಿಲ್ಲ. ಹಿಗ್ಗಿಕೊಂಡು ತಿರುಗಾಡುತ್ತಿದ್ದೆ. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಬಂತು. ಕೆಳಗಿನ ಗೋಡೆಯಲ್ಲಿ ಒಂದು ಕಡೆ ಬೆಳ್ಳಗೆ ಉಪ್ಪು ಎದ್ದಿತು. ಗಾರೆಯೊಳಗಿನ ತೇವ ಹೊರಗೆ ಬರುವಾಗ ಉಪ್ಪನ್ನೂ ಕರೆದುಕೊಂಡು ಬರುತ್ತದಂತೆ. ಬಿಳಿ ಗೋಡೆಯಾಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ರಾಶಿಯ ಮೇಲೆ ಅದು ಬೂಸ್ಟು ಹಿಡಿದ ಹಾಗೆ ಎದ್ದು ಕೂತಿತ್ತು.

ಬ್ರಷ್ ಹಿಡಿದು ಉಜ್ಜಲು ಹೋದೆ. ಹಿಂದಿನಿಂದ ಅಜ್ಜಿಯ ದನಿ. ಅವರ ಕೈಯಲ್ಲಿ ಅವತ್ತಿನ ಪತ್ರಿಕೆ ಇತ್ತು, ಮಾರುಕಟ್ಟೆ ದರದ ಪುಟ ಹೊರಗೆ ಮಡಿಚಿ.

"ಏ ಹುಡುಗಿ, ಬೇಗ ಒರೆಸೇ. ರಾಶಿ ಇವತ್ತು ಏರಿದೆ. ಬೂಸ್ಟು ಕಂಡ್ರೆ ರೇಟು ಇಳಿಸ್ತಾರೆ."