ಬಾಗದ ರಸ್ತೆ, ಬಿಡದ ಟಕ್ ಟಕ್

ಒಳಗೇ ಹಾಸಿಗೆ, ಒಲೆ, ಟಾಯ್ಲೆಟ್ಟು ಇರುವ ಮೋಟರ್‌ಹೋಮ್ ಗಾಡಿಯನ್ನು ಬಾಡಿಗೆಗೆ ಕೊಡುವವರು ಎಲ್ಲವನ್ನೂ ಹೇಳಿಕೊಡುತ್ತಾರೆ. ನೀರು ಎಲ್ಲಿ ತುಂಬಬೇಕು, ಟಾಯ್ಲೆಟ್ಟಿನ ಕ್ಯಾಸೆಟ್, ಅಂದರೆ ಮಲದ ಪೆಟ್ಟಿಗೆ, ಹೇಗೆ ಎಳೆಯಬೇಕು, ಓಡಿಸುವಾಗ ಗ್ಯಾಸ್ ವಾಲ್ವ್ ಯಾಕೆ ಮುಚ್ಚಿರಬೇಕು, ಎಲ್ಲ. ಓಡುವಾಗ ಗಾಡಿಯೊಳಗಿನಿಂದ ಬರುವ ಟಕ್ ಟಕ್ ವಿಷಯದಲ್ಲಿ ಮಾತ್ರ ಚಕಾರ ಎತ್ತುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಅಡಿಲೇಡಿನಿಂದ ಪರ್ತ್ ಕಡೆಗೆ ನಲ್ಲರ್‌ಬೋರ್ ಬಯಲು ದಾಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೆಡೂನದಿಂದ ನಾರ್ಸ್‌ಮನ್‌ವರೆಗೆ ಸುಮಾರು 1,200 ಕಿ.ಮೀ. ನಡುವೆ ಊರು ಅನ್ನುವಂಥದ್ದಿಲ್ಲ. ಅಲ್ಲೊಂದು ಇಲ್ಲೊಂದು ರೋಡ್‌ಹೌಸ್, ಡೀಸೆಲ್ ಪಂಪು, ಬೆಲೆ ನೋಡಿದರೆ ಎದೆ ಹಿಡಿದುಕೊಳ್ಳುವಂಥ ನೀರಿನ ಬಾಟಲಿ. ಇಂಥ ಕಡೆ ಹಿಂದಿನ ಕಪಾಟಿನಿಂದ ಟಕ್ ಟಕ್ ಶುರುವಾದರೆ ಎದ್ದು ಹೋಗಿ ನೋಡುವ ಹಾಗಿಲ್ಲ. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಕಟ್ಟಿ ಕೂತಿರಬೇಕು, ಕಾನೂನು. ನಿಲ್ಲಿಸಿ ನೋಡೋಣವೆಂದರೆ, ನಿಂತ ಕೂಡಲೇ ಸದ್ದೂ ನಿಲ್ಲುತ್ತದೆ. ಪೊಲೀಸರನ್ನು ಕಂಡ ಕಳ್ಳನ ಹಾಗೆ.

ಮೊದಲ ಅಪರಾಧಿ ಯಾವತ್ತೂ ಮೈಕ್ರೋವೇವಿನ ಒಳಗಿನ ಗಾಜಿನ ತಟ್ಟೆ. ಬಹುಪಾಲು ಬಾಡಿಗೆ ಗಾಡಿಗಳಲ್ಲಿ ಕ್ಯಾರವಾನ್ ಪಾರ್ಕಿನ ಕರೆಂಟಿಗೆ ಸಿಕ್ಕಿಸಿದರೆ ಮಾತ್ರ ಮೈಕ್ರೋವೇವ್ ಬಿಸಿಯಾಗುತ್ತದೆ. ಅಂದರೆ ಬಯಲಿನಲ್ಲಿ ಅದು ಅನ್ನ ಬಿಸಿ ಮಾಡುವುದಿಲ್ಲ, ಸದ್ದು ಮಾತ್ರ ಮಾಡುತ್ತದೆ. ತಟ್ಟೆಯನ್ನೂ ಅದರ ಕೆಳಗಿನ ಗಾಲಿ ಉಂಗುರವನ್ನೂ ತೆಗೆದು, ಟವೆಲಿನಲ್ಲಿ ಸುತ್ತಿ, ದಿಂಬುಗಳ ನಡುವೆ ಇಡಿ. ಒಲೆಯ ಮೇಲಿನ ಕಬ್ಬಿಣದ ಜಾಲರಿ ಎತ್ತಿ ಸಿಂಕಿನೊಳಗೆ ಬಟ್ಟೆ ಹಾಸಿ ಮಲಗಿಸಿ. ಒಲೆಗೆ ಗಾಜಿನ ಮುಚ್ಚಳವಿದ್ದರೆ ಅದರ ಕೆಳಗೊಂದು ಮಡಚಿದ ಬಟ್ಟೆ. ಶವರಿನ ತಲೆಯನ್ನು ಕೊಕ್ಕೆಯಿಂದ ಬಿಡಿಸಿ ಕೆಳಗಿಡಿ. ಕಪಾಟುಗಳ ತಳಕ್ಕೆ ಜಾರದ ರಬ್ಬರ್ ಜಾಲರಿ ಹಾಸಿ. ಸೂಪರ್‌ಮಾರ್ಕೆಟ್ಟಿನಲ್ಲಿ ಸುರುಳಿಯಾಗಿ ಸಿಗುತ್ತದೆ, ಎರಡು ಸುರುಳಿ ಸಾಕು.

ಇಷ್ಟು ಎಲ್ಲರ ಗಾಡಿಗೂ ಅನ್ವಯ. ನಮ್ಮವರ ಗಾಡಿಯಲ್ಲಿ ಸ್ಟೀಲ್ ಡಬ್ಬಿಗಳ ವಾದ್ಯಗೋಷ್ಠಿ ಬೇರೆ. ಒಂದರೊಳಗೊಂದು ಕೂರಿಸಿದ ಲೋಟಗಳ ನಡುವೆ ಟಿಶ್ಯೂ, ಎರಡೆರಡು ತಟ್ಟೆಗೊಂದು ಕೈಬಟ್ಟೆ. ಕುಕ್ಕರಿನ ವಿಷಲನ್ನು ಮಾತ್ರ ಕುಕ್ಕರಿನೊಳಗೆ ಬಿಟ್ಟಿರೋ, ಮುಗಿಯಿತು ಕಥೆ. ಅದನ್ನು ಕಾಗದದಲ್ಲಿ ಸುತ್ತಿ ತೊಗರಿಬೇಳೆ ಡಬ್ಬಿಯಲ್ಲಿ ಹೂಳಿ. ಎಲ್ಲಿ ಹೂತಿದ್ದೀರಿ ಅಂತ ಇನ್ನೊಬ್ಬರಿಗೂ ಹೇಳಿಡಿ.

ಇಷ್ಟೆಲ್ಲ ಮಾಡಿ ಗಾಡಿಯನ್ನು ಮೂಕವಾಗಿಸುವ ಹೊತ್ತಿಗೆ ರಾಜ್ಯದ ಗಡಿ ಬರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದೊಳಗೆ ಹಸಿ ತರಕಾರಿ, ಹಣ್ಣು, ಜೇನುತುಪ್ಪ ಬಿಡುವುದಿಲ್ಲ. ಈರುಳ್ಳಿ, ಹಸಿಮೆಣಸಿನಕಾಯಿ, ಪರ್ತ್‌ನ ನೆಂಟರಿಗೆಂದು ಹಿತ್ತಲಿನಿಂದ ಕಿತ್ತು ತಂದ ಕರಿಬೇವು, ಎಲ್ಲ ತೊಟ್ಟಿಗೆ. ಬೇಯಿಸಿದ ತರಕಾರಿಗೆ ತಕರಾರಿಲ್ಲವಾದ್ದರಿಂದ ತಿಳಿದವರು ಹಿಂದಿನ ರಾತ್ರಿಯೇ ಇದ್ದಬದ್ದದ್ದನ್ನೆಲ್ಲ ಸಾಂಬಾರಿಗೆ ಹಾಕುತ್ತಾರೆ. ಬುಟ್ಟಿ ಹೇಗಿದ್ದರೂ ಖಾಲಿ. ತುಂಬಿದ್ದಾಗ ಗಪ್‌ಚಿಪ್ಪಾಗಿದ್ದ ಅದೇ ಬುಟ್ಟಿ ಈಗ ಕಪಾಟಿನ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗುತ್ತದೆ. ಅದಕ್ಕೆ ಒಗೆಯುವ ಬಟ್ಟೆ ತುರುಕಿ. ಪ್ರಯಾಣ ಮುಂದುವರಿದಂತೆ ತಿಂಡಿ ಡಬ್ಬಿಗಳು ಖಾಲಿಯಾಗುತ್ತವೆ, ಮಾಸಿದ ಬಟ್ಟೆ ಹೆಚ್ಚುತ್ತದೆ. ಈ ಒಂದು ಲೆಕ್ಕ ಮಾತ್ರ ದೇವರು ಸರಿಯಾಗಿ ಹಾಕಿದ್ದಾನೆ.

ಆಮೇಲೆ ಬರುವುದು ಕೈಗುನ. ಅಲ್ಲಿಂದ ಬಲಡೋನಿಯಾ ಕಡೆಗೆ 146.6 ಕಿ.ಮೀ. ರಸ್ತೆ ಒಂದು ಕಡೆಯೂ ಬಾಗುವುದಿಲ್ಲ. ಗಂಟೆಗೆ 90ರಲ್ಲಿ ಹೋದರೆ ಒಂದೂ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ನೋಡಲು ಕುರುಚಲು ಗಿಡ, ಕೇಳಲು ಟಕ್ ಟಕ್. ಮುಂದಿನ ಸೀಟಿನಲ್ಲಿ ಭಾವ.

ಪ್ರತಿ ಗಾಡಿಯಲ್ಲೂ ಇಂಥ ಒಬ್ಬ ಭಾವ ಇರುತ್ತಾರೆ. ಬೆನ್ನು ನೋವು, ಆದ್ದರಿಂದ ಸ್ಟಿಯರಿಂಗ್ ಮುಟ್ಟುವುದಿಲ್ಲ, ಕಿವಿ ಚುರುಕು.

“ಏನೋ ಸದ್ದು ಬರ್ತಿದೆ ಕಣೋ.”

“ಹೌದು ಭಾವ.”

“ಆಗ ಟಕ್ ಅಂತಿತ್ತು. ಈಗ ಟಿಕ್ ಅಂತಿದೆ.”

“ಹೌದು ಭಾವ.”

“ಆಕ್ಸಲ್ ಇರಬಹುದಾ?”

ಆಕ್ಸಲ್ ಅಲ್ಲ ಅಂತ ಹೇಳುವುದು ಸುಲಭ, ಸಾಬೀತು ಮಾಡುವುದು ಕಷ್ಟ. ಸದ್ದು ಹುಡುಕಲು ಒಂದು ಕ್ರಮವಿದೆ. ಎದುರಿನಿಂದ 36.5 ಮೀಟರ್ ಉದ್ದದ ರೋಡ್ ಟ್ರೇನ್, ಅಂದರೆ ಟ್ರೇಲರ್‌ಗಳನ್ನು ಸಾಲಾಗಿ ಎಳೆಯುವ ಲಾರಿ, ಬೀಸಿಕೊಂಡು ಹೋದಾಗ ಮಾತ್ರ ಕೇಳಿಸಿದರೆ ಅದು ಹೊರಗಿನದು: ನೆರಳಿಗೆ ಹೊರಚಾಚುವ ಆನಿಂಗಿನ ತೋಳು ಅಥವಾ ಚಾವಣಿಯ ಕಿಂಡಿ. ಉಬ್ಬು ತಗ್ಗಿನಲ್ಲಿ ಬಂದರೆ ಒಳಗಿನ ಪಾತ್ರೆ. ತಿರುವಿನಲ್ಲಿ ಬಂದರೆ ಡ್ರಾಯರ್ ಜಾರುತ್ತಿದೆ. ಆದರೆ ತಿರುವು ಎಲ್ಲಿದೆ ಸ್ವಾಮಿ? ಆದ್ದರಿಂದ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ, ಸಾಫ್ಟ್‌ವೇರು, ಬ್ಯಾಂಕು ಅಂತ ಮರ್ಯಾದೆಯ ಕೆಲಸದಲ್ಲಿರುವ ನಾಲ್ಕು ಜನ ಗಾಡಿಯ ಪಕ್ಕೆಗೆ ಕೈ ಕೊಟ್ಟು ತಿರುವಿನ ಹಾಗೆ ಅಲ್ಲಾಡಿಸುತ್ತಾರೆ. ಭಾವ ಹೊರಗೆ ನಿಂತು, ತಮ್ಮ ಸ್ಟೀಲ್ ಬಾಟಲಿಯಿಂದ ನೀರು ಕುಡಿಯುತ್ತಾ, “ಇನ್ನೂ ಜೋರಾಗಿ” ಅನ್ನುತ್ತಾರೆ. ಸದ್ದಿಲ್ಲ. ಭಾವ ಹತ್ತಿ, ಬಾಟಲಿಯನ್ನು ಬಾಗಿಲಿನ ಗೂಡಿಗೆ ಇಳಿಸಿ, ಬೆಲ್ಟ್ ಹಾಕಿಕೊಳ್ಳುತ್ತಾರೆ. ಗಾಡಿ ಹೊರಡುತ್ತದೆ. ಟಕ್.

ಹೌದು, ಬಾಟಲಿಯೇ. ಮುಚ್ಚಳದ ಲೋಹದ ಹಿಡಿಕೆ ಬಾಗಿಲಿಗೆ ಬಡಿಯುತ್ತದೆ. ನಿಂತಾಗಲೆಲ್ಲ ಕೈಯಲ್ಲಿ ಹಿಡಿದು ಇಳಿಯುವುದರಿಂದ ತಪಾಸಣೆಗೆ ಸಿಗುವುದಿಲ್ಲ. ಒಂದು ಕಾಲುಚೀಲ ತೊಡಿಸಿದರೆ ಆಯಿತು. ಅದನ್ನು ಭಾವನಿಗೆ ಹೇಳುವ ಕೆಲಸವನ್ನು ಅಕ್ಕನಿಗೆ ಬಿಡುವುದು ಒಳ್ಳೆಯದು.

ತಮಾಷೆಯೆಂದರೆ ಸದ್ದು ನಿಂತ ಮೇಲೆ ಮಾತಿಗೆ ಏನೂ ಉಳಿಯುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಭಾವ, ಊರಿನ ಮನೆ ಯಾರೂ ಇಲ್ಲದೆ ಹಾಳಾಗುತ್ತಿದೆ, ಹಂಚು ತೆಗೆಸಬೇಕು, ಯಾರಿಗೆ ಹೇಳುವುದು ಅಂತ ಶುರು ಮಾಡುತ್ತಾರೆ. ಅದಕ್ಕೆ “ಹೌದು ಭಾವ” ಅಂದರೆ ಸಾಲದು. ಟಕ್ ಟಕ್ಕೇ ವಾಸಿಯಿತ್ತು ಅನ್ನಿಸುವುದು ಆಗಲೇ.

ಪುಣ್ಯಕ್ಕೆ ಬಲಡೋನಿಯಾ ಬರುತ್ತದೆ. ಅಲ್ಲಿನ ರೋಡ್‌ಹೌಸಿನಲ್ಲಿ ಪುಟ್ಟ ವಸ್ತುಸಂಗ್ರಹಾಲಯವಿದೆ. 1979ರಲ್ಲಿ ನಾಸಾದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಚೂರುಚೂರಾಗಿ ಉದುರಿದ್ದು ಈ ಸೀಮೆಯಲ್ಲೇ. ಕಸ ಬಿಸಾಡಿದ್ದಕ್ಕೆ ಎಸ್ಪರೆನ್ಸ್ ಪಟ್ಟಣದ ಸ್ಥಳೀಯ ಆಡಳಿತ ನಾಸಾಕ್ಕೆ 400 ಡಾಲರ್ ದಂಡ ಹಾಕಿತ್ತು. ನಾಸಾದವರು ಅದೃಷ್ಟವಂತರು. ಅವರದ್ದು ಕಳಚಿ ಬಿದ್ದಾದರೂ ಹೋಯಿತು. ನಮ್ಮ ಗಾಡಿಯಲ್ಲಿ ಸಡಿಲವಾದದ್ದು ಬೀಳುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ. ನಾರ್ಸ್‌ಮನ್‌ಗೆ ಇನ್ನೂ 190 ಕಿ.ಮೀ. ಮೇಲಿದೆ.