ಅದೇ ಬರೆಸಿಕೊಂಡಿತಂತೆ!

ನಿನ್ನೆ ಸಂಜೆ ಲೇಖಕರೊಬ್ಬರ ಸಂವಾದಕ್ಕೆ ಹೋಗಿದ್ದೆ. ಹೆಸರು ಬೇಡ. ಒಳ್ಳೆಯ ಲೇಖಕರು. ಅವರ ಪುಸ್ತಕ ಒಂದೂ ಬಿಡದೆ ಓದಿದ್ದೇನೆ, ಅದಕ್ಕೇ ಇಷ್ಟು ಸಿಟ್ಟು. ವಿಷಯ ‘ನಾನು ಹೇಗೆ ಬರೆಯುತ್ತೇನೆ’. ಒಂದೂವರೆ ಗಂಟೆ ಮಾತಾಡಿದರು. ಮನೆಗೆ ಬಂದು ನೋಟ್‌ಬುಕ್ ತೆರೆದರೆ ನಾನು ಬರೆದುಕೊಂಡಿದ್ದು ಒಂದೇ ಸಾಲು: “ಅದು ನಾನು ಬರೆದಿದ್ದಲ್ಲ, ತಾನೇ ಬರೆಸಿಕೊಂಡಿತು.”

ಹೌದಾ? ಹಾಗಾದ್ರೆ ಮುಖಪುಟದ ಮೇಲೆ ನಿಮ್ಮ ಹೆಸರು ಯಾಕೆ ಸ್ವಾಮಿ?

ನನ್ನ ಕಸುಬು ನಿಮಗೆ ಗೊತ್ತೇ ಇದೆ. ಹನ್ನೆರಡು ವರ್ಷದಿಂದ ಬೇರೆಯವರ ಕರಡು ತಿದ್ದಿ ಬದುಕುತ್ತಿದ್ದೇನೆ. ತಾನೇ ಬರೆಸಿಕೊಂಡ ಕಾದಂಬರಿ ಇವತ್ತಿನ ತನಕ ನನ್ನ ಮೇಜಿಗೆ ಬಂದಿಲ್ಲ. ಬರುವುದೆಲ್ಲ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಅಂತ ಹೆಸರಿಟ್ಟ ಫೈಲುಗಳು. ಮೂರನೇ ಅಧ್ಯಾಯದಲ್ಲಿ ಸತ್ತ ಅತ್ತೆ ಒಂಬತ್ತನೇ ಅಧ್ಯಾಯದಲ್ಲಿ ಬಂದು ಬಾಗಿಲು ತೆಗೆಯುತ್ತಾಳೆ. ಇದನ್ನೆಲ್ಲ ಯಾವುದೋ ಶಕ್ತಿ ಕೂತು ಬರೆಸಿದ್ದಾದರೆ, ಆ ಶಕ್ತಿಗೆ ಮರೆವು ಸ್ವಲ್ಪ ಜಾಸ್ತಿ ಅನ್ನಬೇಕು.

ಸಭೆಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. “ಸರ್, ನನ್ನ ಕಾದಂಬರಿ ಅರ್ಧಕ್ಕೆ ಬಂದು ನಿಂತುಬಿಟ್ಟಿದೆ. ನಿಮಗೆ ಹಾಗಾದ್ರೆ ಏನು ಮಾಡ್ತೀರಿ?” ಎಂಥ ಒಳ್ಳೆ ಪ್ರಶ್ನೆ! ಇವರು ಒಂದು ಕ್ಷಣ ಕಣ್ಣು ಮುಚ್ಚಿ “ಕಾಯ್ತೀನಿ” ಅಂದರು. ಚಪ್ಪಾಳೆ. ಇನ್ನೂ ಏನಾದರೂ ಹೇಳುತ್ತಾರೇನೋ ಅಂತ ಆ ಹುಡುಗಿ ಪೆನ್ನು ಹಿಡಿದು ನಿಂತೇ ಇದ್ದಳು. ಮೈಕ್ ಬೇರೆಯವರ ಕೈಗೆ ಹೋಯಿತು. ಅವರು ಬರವಣಿಗೆಯಿಂದಲೇ ಜೀವನ ನಡೆಯುತ್ತಾ ಅಂತ ಕೇಳಿದರು. “ಬರವಣಿಗೆ ನನ್ನ ಉಸಿರು” ಅಂತ ಉತ್ತರ ಬಂತು. ಉಸಿರಿಗೆ ರಾಯಲ್ಟಿ ಎಷ್ಟು ಕೊಡ್ತಾರೆ ಅಂತ ಕೇಳೋಣ ಅನ್ನಿಸಿತು. ಸುಮ್ನೆ ಕೂತೆ.

ಸಿಟ್ಟು ನೆತ್ತಿಗೇರಿದ್ದು ಇದಕ್ಕಲ್ಲ. ನಡುವೆ ಒಮ್ಮೆ, ಬಾಯಿ ತಪ್ಪಿ, ಅವರು ಚಿನ್ನದಂಥ ಒಂದು ಮಾತು ಹೇಳಿದ್ದರು. ಆ ‘ತಾನೇ ಬರೆಸಿಕೊಂಡ’ ಕಾದಂಬರಿಯಲ್ಲಿ ಮೊದಲು ಇಬ್ಬರು ಅಣ್ಣಂದಿರಿದ್ದರಂತೆ. ಒಬ್ಬ ಯಾವಾಗಲೂ ತಂಗಿಯ ಪರ, ಇನ್ನೊಬ್ಬ ಯಾವಾಗಲೂ ವಿರುದ್ಧ. ಇಬ್ಬರೂ ಕೀಲಿ ಕೊಟ್ಟ ಗೊಂಬೆಗಳ ಹಾಗಿದ್ದರಂತೆ. ಎರಡು ವರ್ಷ ಒದ್ದಾಡಿ, ಕೊನೆಗೆ ಇಬ್ಬರನ್ನೂ ಸೇರಿಸಿ ಒಬ್ಬನನ್ನೇ ಮಾಡಿದರಂತೆ. ಈಗ ಅವನೇ ಬೆಳಿಗ್ಗೆ ತಂಗಿಯ ಪರ ಮಾತಾಡುತ್ತಾನೆ, ರಾತ್ರಿ ಅವಳ ಮೇಲೆ ಹರಿಹಾಯುತ್ತಾನೆ. ಪುಸ್ತಕ ಓದಿದ ಎಲ್ಲರಿಗೂ ನೆನಪಿರುವ ಪಾತ್ರ ಅದೇ! ನನ್ನ ಕಿವಿ ನೆಟ್ಟಗಾಯಿತು. ಅಷ್ಟರಲ್ಲಿ ನಡೆಸಿಕೊಡುತ್ತಿದ್ದವರು ಗಡಿಯಾರ ನೋಡಿ, “ಸರ್, ಈಗ ನಿಮ್ಮ ಬಾಲ್ಯದ ಬಗ್ಗೆ...” ಅಂದರು. ಮುಗೀತು.

ಆ ಎರಡು ವರ್ಷದ ಕಥೆ ಹೇಳಿ ಮಾರಾಯ್ರೇ! ನಾವು ಬಂದಿದ್ದು ಅದಕ್ಕೇ ಅಲ್ವಾ?

ಹಿಂದೆ ಒಬ್ಬ ಪುಣ್ಯಾತ್ಮ ಎಲ್ಲವನ್ನೂ ಹೇಳಿಬಿಟ್ಟಿದ್ದ. ಇಂಗ್ಲೆಂಡಿನ ಆಂಥನಿ ಟ್ರೊಲೋಪ್. ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿಕೊಂಡೇ ಬರೆಯುತ್ತಾ ಬಂದವನು, ಒಟ್ಟು 47 ಕಾದಂಬರಿ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಹಾಜರು. ಎಬ್ಬಿಸುವುದಕ್ಕೆ ಅಂತಲೇ ಮನೆಯ ಕೆಲಸದವನಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದಿದ್ದನ್ನು ಓದಿಕೊಳ್ಳುವುದು. ಆಮೇಲೆ ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಯಾವ ಪುಸ್ತಕಕ್ಕೆ ಎಷ್ಟು ದುಡ್ಡು ಬಂತು ಅಂತಲೂ ಪಟ್ಟಿ ಕೊಟ್ಟಿದ್ದಾನೆ, ಕೂಡಿಸಿದರೆ 69 ಸಾವಿರ ಪೌಂಡಿನ ಹತ್ತಿರ. ಇದೆಲ್ಲ ಇರುವ ಆತ್ಮಕಥೆ ಹೊರಬಂದಿದ್ದು ಅವನು ಸತ್ತ ಮರುವರ್ಷ, 1883ರಲ್ಲಿ. ಏನಾಯಿತು ಗೊತ್ತಾ? ಜನ ಮೂಗು ಮುರಿದರು. ಗಡಿಯಾರ ನೋಡಿ ಬರೆಯುವವನೂ ಒಬ್ಬ ಕಲಾವಿದನಾ ಅಂತ. ಪಾಪ, ನಿಜ ಹೇಳಿ ಹೆಸರು ಕೆಡಿಸಿಕೊಂಡ.

ಅದೇ ಅಮೆರಿಕದ ಕಾದಂಬರಿಕಾರ ಜ್ಯಾಕ್ ಕೆರೊವಾಕ್ ನೋಡಿ. ಮೂರೇ ವಾರದಲ್ಲಿ, ಸುಮಾರು 120 ಅಡಿ ಉದ್ದದ ಕಾಗದದ ಸುರುಳಿಯ ಮೇಲೆ ಒಂದೇ ಸಮನೆ ಟೈಪ್ ಮಾಡಿ ಕಾದಂಬರಿ ಮುಗಿಸಿದ ಕಥೆ ಎಲ್ಲರಿಗೂ ಬಾಯಿಪಾಠ. ಅದು 1951. ಅದಕ್ಕೂ ವರ್ಷಗಟ್ಟಲೆ ಮೊದಲಿಂದ ನೋಟ್‌ಬುಕ್ಕುಗಳಲ್ಲಿ ಅದನ್ನೇ ಬರೆದು ಬರೆದು ಬಿಟ್ಟಿದ್ದ. ಆಮೇಲೂ ತಿದ್ದಿದ. ಅಚ್ಚಾಗಿದ್ದು 1957ರಲ್ಲಿ. ಈ ಭಾಗ ಯಾರ ಬಾಯಲ್ಲೂ ಬರಲ್ಲ. ನಮಗೂ ಪವಾಡವೇ ಬೇಕು, ಅದಕ್ಕೇ ಇವರೂ ಅದನ್ನೇ ಮಾರುತ್ತಾರೆ.

“ಕೆಲವರಿಗೆ ನಿಜವಾಗಿಯೂ ಹಾಗೆ ಬರುತ್ತೆ, ನಿನಗೇನು ಗೊತ್ತು” ಅಂತ ಕಾಮೆಂಟ್ ಹಾಕಲು ಕೆಲವರು ಆಗಲೇ ಕೈ ತುರಿಸಿಕೊಳ್ಳುತ್ತಿದ್ದೀರಿ. ಬರಬಹುದಪ್ಪ. ಒಂದು ಕವಿತೆ ಬರಬಹುದು. ಒಂದು ಪ್ಯಾರಾ, ದಿನ ಚೆನ್ನಾಗಿದ್ದರೆ ಎರಡು ಪುಟ. ನಾನೂರು ಪುಟ ಬರಲ್ಲ. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ 1958ರ ಒಂದು ಸಂದರ್ಶನದಲ್ಲಿ, ಒಂದು ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಅಂದ. ಅಷ್ಟು ಕಷ್ಟವಾಗಿದ್ದು ಏನು ಅಂತ ಕೇಳಿದರೆ, ಪದಗಳನ್ನು ಸರಿಯಾಗಿ ಕೂರಿಸುವುದು ಅಂದ. ಜಂಬ ಕೊಚ್ಚುತ್ತಿದ್ದಾನೆ ಅನ್ನೋಣವೆಂದರೆ, 2012ರಲ್ಲಿ ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿದಾಗ ಅವನ ಹಳೆಯ ಕಾಗದಗಳಲ್ಲಿದ್ದ 47 ಕೊನೆಗಳನ್ನು ಸೇರಿಸಿದರು. ಅವನು ಕಮ್ಮಿಯೇ ಹೇಳಿದ್ದ!

ಸರಿ. ಇಷ್ಟೆಲ್ಲ ಬೈದ ಮೇಲೆ ನನ್ನದೂ ಹೇಳಿಬಿಡುತ್ತೇನೆ. ನನ್ನ ಕಥಾಸಂಕಲನ ಬಿಡುಗಡೆಯಾದ ದಿನ ನಿಮ್ಮಲ್ಲಿ ಕೆಲವರು ಬಂದಿದ್ದಿರಿ. ಕೈಯಲ್ಲಿ ಮೈಕ್, ಎದುರಿಗೆ ಜನ. ಮೊದಲ ಕಥೆ ಹೇಗೆ ಹುಟ್ಟಿತು ಅಂತ ಯಾರೋ ಕೇಳಿದರು. “ಒಂದು ರಾತ್ರಿ ತಾನಾಗೇ ಬಂತು” ಅಂದೆ.

ಹಸಿ ಸುಳ್ಳು. ಆ ಕಥೆಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಮೊದಲ ಐದು ಪುಟ ಹರಿದು ಹಾಕು, ನಿನ್ನ ಕಥೆ ಶುರುವಾಗೋದೇ ಆರನೇ ಪುಟದಲ್ಲಿ ಅಂತ ಹೇಳಿದ್ದು ಒಬ್ಬ ಗೆಳತಿ. ಅವಳ ಜೊತೆ ಒಂದು ವಾರ ಮಾತು ಬಿಟ್ಟಿದ್ದೆ. ಆಮೇಲೆ ಹರಿದು ಹಾಕಿದೆ. ಬಿಡುಗಡೆಯ ದಿನ ಅವಳು ಮೂರನೇ ಸಾಲಿನಲ್ಲಿ ಕೂತಿದ್ದಳು. ನಾನು ಹಾಗಂದಾಗ ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು.

ನಿನ್ನೆ ಪೆನ್ನು ಹಿಡಿದು ನಿಂತಿದ್ದ ಆ ಹುಡುಗಿ ಯಾರಿಗಾದರೂ ಗೊತ್ತಿದ್ದರೆ ಈ ಪೋಸ್ಟ್ ತೋರಿಸಿ. ಇನ್‌ಬಾಕ್ಸಿಗೆ ಬಾಮ್ಮ. ಕಾಯೋದು ಆಮೇಲೆ ಇದ್ದೇ ಇದೆ. ಮೊದಲು ನಿನ್ನ ಕಾದಂಬರಿಯಲ್ಲಿ ಎಷ್ಟು ಜನ ಅಣ್ಣಂದಿರಿದ್ದಾರೆ ನೋಡೋಣ.